ನಾಲ್ಕು ಅವರೆ, ಒಂದು ಹುಣಸೆಬೀಜ

ದಾವಣಗೆರೆಯಲ್ಲಿ ಅವರನ್ನು ಪಾರ್ಲಿಮೆಂಟ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ನಿಜವಾದ ಹೆಸರು ಹೇಳಿದರೆ ಮಂಡಿಪೇಟೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಹೆಸರು ಹೇಳಿದರೆ ಜಟಕಾದವನು ಬೇರೇನೂ ಕೇಳದೆ ಮನೆ ಮುಂದೆ ತಂದು ಇಳಿಸುತ್ತಿದ್ದ. ಇಲ್ಲಿಯೂ ಅದೇ ಸಾಕು.

ಅವರು ತೀರಿಕೊಂಡ ಮೇಲೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎದ್ದಿದ್ದೇನೆ. ನಾನು ದಿನಚರಿ ಬರೆಯುವವನು. ಅದಕ್ಕೇ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಅವರ ಮನೆಯಲ್ಲಿ ಆ ಓಟು ನಡೆದ ದಿನದ ಪುಟ ತೆಗೆದು ನೋಡಿದೆ. ಹಲ್ಲುನೋವು, ಲವಂಗದೆಣ್ಣೆ, ಸೆಕೆ ಎಂದಷ್ಟೇ ಇದೆ. ಅಂದು ನನಗೆ ಮುಖ್ಯವಾಗಿದ್ದುದು ನನ್ನ ಹಲ್ಲು. ಈಗ ಕಣ್ಣಿಗೆ ಕಟ್ಟುವ ಆ ನಡುಮನೆ, ಆ ಮೊರ, ಆ ಹುಡುಗಿಯ ಮುಖ ಇವುಗಳಲ್ಲಿ ಎಷ್ಟನ್ನು ಅಂದು ಕಂಡೆ, ಎಷ್ಟನ್ನು ಆಮೇಲೆ ಸೇರಿಸಿಕೊಂಡೆ ಎಂದು ಪ್ರಮಾಣ ಮಾಡಿ ಹೇಳಲಾರೆ.

ಅವರು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರು. ನಾನು ಇಂಗ್ಲಿಷ್ ಪಾಠ ಹೇಳಲು ಹೊಸದಾಗಿ ಸೇರಿದವನು, ಅವರ ಮನೆಯ ಮುಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷ ಕಳೆದಿತ್ತು. ಮೇಷ್ಟ್ರದು ಮುಚ್ಚುಗೊರಳಿನ ಕೋಟು, ಹಣೆಗೆ ಮೂರು ಬೆರಳಿನ ವಿಭೂತಿ, ತೋಳಿನ ತುಂಬ ಸೀಮೆಸುಣ್ಣ. ‘ಮೇಷ್ಟ್ರು ಹಣೆಗೆ ಹಚ್ಚೋದೂ ಸೀಮೆಸುಣ್ಣಾನೇ, ಕಾಲೇಜಿಂದು’ ಎಂದು ಹುಡುಗರು ನಗುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ‘ಸರ್ಕಾರದ ಆಸ್ತಿ, ಉಜ್ಜಿ ತೆಗಿಯಂಗಿಲ್ಲ’ ಎಂದು ಹಣೆ ಮುಟ್ಟಿ ತೋರಿಸುತ್ತಿದ್ದರು.

ನನ್ನ ತರಗತಿ ಪಕ್ಕದಲ್ಲೇ. ನಡುವೆ ಇದ್ದುದು ಹಲಗೆಯ ಗೋಡೆ. ಆದ್ದರಿಂದ ಜಗತ್ತಿನ ಎಲ್ಲ ಬಗೆಯ ಸರ್ಕಾರಗಳನ್ನು ನಾನು ಗೋಡೆಯಾಚೆಯಿಂದ ಕಲಿತೆ. ಬೋರ್ಡಿನ ಮೇಲೆ ಅವರು ಉದ್ದುದ್ದ ಗೆರೆ ಎಳೆದು ರಾಜಪ್ರಭುತ್ವ, ಶ್ರೀಮಂತರ ಆಳ್ವಿಕೆ, ಸರ್ವಾಧಿಕಾರ, ಪ್ರಜಾಪ್ರಭುತ್ವ ಎಂದು ಬರೆಯುತ್ತಿದ್ದರು. ಗುಣದೋಷಗಳ ಪಟ್ಟಿ ಪುಸ್ತಕದಲ್ಲಿತ್ತು. ಅದನ್ನು ಅವರು ಓದಿಸುತ್ತಿರಲಿಲ್ಲ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದರು.

‘ತಪ್ಪಾದ್ರೆ ಯಾರ ಮನಿ ಬಾಗಿಲಿಗೆ ಹೋಗಬೇಕು? ಅಷ್ಟು ಹೇಳ್ರಿ ಸಾಕು. ರಾಜ ಅಂದ್ರೆ ಅರಮನಿ ಬಾಗಿಲು, ಒಂದೇ. ತೆಗೀತಾನೋ ಇಲ್ಲೋ ಅದು ಬ್ಯಾರೆ ಮಾತು. ಶ್ರೀಮಂತರ ಆಳ್ವಿಕೆ ಅಂದ್ರೆ ನಾಲ್ಕು ಬಾಗಿಲು, ಒಳಗೆ ಹೋದ್ರೆ ಎಲ್ಲಾ ಒಂದೇ ಮನಿ. ಸರ್ವಾಧಿಕಾರದಾಗೆ ಬಾಗಿಲು ಐತೆ, ಹೋದವ್ರು ವಾಪಸ್ ಬಂದಿಲ್ಲ. ಪ್ರಜಾಪ್ರಭುತ್ವದಾಗೆ? ನಿಮ್ಮನಿ ಬಾಗಿಲಿಗೆ ನೀವೇ ಹೋಗಿ ಬಡೀಬೇಕು!’

‘ಸಾರ್, ನಮ್ಮನಿ ಬಾಗಿಲಾಗೆ ನಮ್ಮಪ್ಪ ಕುಂತಿರ್ತಾನ್ರಿ’ ಎಂದ ಲೋಕಿಕೆರೆಯ ಒಬ್ಬ ಹುಡುಗ.

‘ಹಂಗಾದ್ರೆ ನಿಮ್ಮನಿ ಇನ್ನೂ ಸಂಸ್ಥಾನ ಕಣಪ್ಪ. ಜಲ್ದಿ ವಿಲೀನ ಮಾಡಬೇಕು.’

ತರಗತಿ ನಕ್ಕಾಗ ನಡುವಿನ ಹಲಗೆ ಅದುರುತ್ತಿತ್ತು. ನನ್ನ ಹುಡುಗರು ನನ್ನ ಪಾಠ ಬಿಟ್ಟು ಅತ್ತ ಕಿವಿ ಕೊಡುತ್ತಿದ್ದರು. ನಾನೂ.

ವರ್ಷಕ್ಕೊಮ್ಮೆ ಹುಡುಗರನ್ನು ಹರಿಹರದ ಸೇತುವೆಯ ಮೇಲೆ ಕರೆದುಕೊಂಡು ಹೋಗುತ್ತಿದ್ದರಂತೆ. ಇದು ನಾನು ಬರುವ ಮೊದಲಿನ ಮಾತು. ಹೊಳೆಯ ಈ ದಂಡೆ ಮಹಾರಾಜರದು, ಆ ದಂಡೆ ಮುಂಬೈ ಕಡೆಯದು. ‘ನಡು ಸೇತುವೆ ಮ್ಯಾಗೆ ನಿಂತ್ಕೊಳ್ರಿ, ಎಡಗಾಲಿಗೆ ಒಂದು ಸರ್ಕಾರ, ಬಲಗಾಲಿಗೆ ಒಂದು ಸರ್ಕಾರ. ಯಾವ ಕಾಲು ಹಗುರ ಐತೆ ಹೇಳ್ರಿ’ ಎನ್ನುತ್ತಿದ್ದರಂತೆ. ಆಮೇಲೆ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅರ್ಧ ಶಿವ ಅರ್ಧ ವಿಷ್ಣುವಾದ ಹರಿಹರೇಶ್ವರನ ಮುಂದೆ ಕೈಮುಗಿದು, ‘ನೋಡ್ರಪ್ಪ, ಸಮ್ಮಿಶ್ರ ಸರ್ಕಾರ. ಇಬ್ರು ಸೇರಿ ಒಂದೇ ಪೀಠ. ಇಲ್ಲೀತಂಕ ಬಿದ್ದಿಲ್ಲ’ ಎನ್ನುವುದು. ಅರ್ಚಕರು ಇದಕ್ಕೆ ಸಿಟ್ಟಾಗುತ್ತಿದ್ದರೆಂದು ಕೆಲವರು, ನಗುತ್ತಿದ್ದರೆಂದು ಕೆಲವರು ನನಗೆ ಹೇಳಿದ್ದಾರೆ.

ಅವರ ತಲೆಯೊಳಗೆ ಈ ಓಟಿನ ಹುಚ್ಚು ಹೊಕ್ಕಿದ್ದು ಮೊದಲನೆಯ ಮಹಾಚುನಾವಣೆಯಲ್ಲಿ. ಅಧ್ಯಾಪಕರನ್ನು ಮತಗಟ್ಟೆಗೆ ಹಾಕಿದಾಗ ಅವರಿಗೆ ಕುಕ್ಕುವಾಡ ಎಂಬ ಹಳ್ಳಿ ಬಿದ್ದಿತ್ತು. ಅಲ್ಲಿ ಒಬ್ಬ ಮುದುಕಿ ಪೆಟ್ಟಿಗೆಯ ಮುಂದೆ ಕೂತು, ಕುಂಕುಮ ಹಚ್ಚಿ, ‘ಒಳಗೆ ಯಾರು ಅದಾರಪ್ಪ?’ ಎಂದು ಕೇಳಿದಳಂತೆ. ಈ ಕತೆಯನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ಇನ್ನೊಂದು ಮಾತು ಹೇಳುತ್ತಿದ್ದರು, ಅದನ್ನು ಯಾರೂ ಅಷ್ಟಾಗಿ ಕೇಳಿಸಿಕೊಳ್ಳುತ್ತಿರಲಿಲ್ಲ:

‘ಹೊರಗೆ ಅವಳ ಗಂಡ ನಿಂತಿದ್ದ. ಯಾವುದಕ್ಕೆ ಹಾಕ್ದೆ ಅಂತ ಕೇಳ್ದ. ಮುದುಕಿ ಸೆರಗು ಹೊದ್ದು ಸುಮ್ನೆ ನಡ್ಕೊಂಡು ಹೋದ್ಲು ಕಣ್ರಿ. ಹೇಳ್ಲಿಲ್ಲ! ಹೆಣ್ಮಗಳ ಮನಸ್ಸು ಅವಳ ಹತ್ರಾನೇ ಉಳಿದಿದ್ದು ನಾನು ಅವತ್ತೇ ಮೊದಲು ನೋಡಿದ್ದು.’

ಅದನ್ನು ಅವರು ಮನೆಗೆ ತಂದರು.

ಮನೆಯಲ್ಲಿ ಐವರು. ಮೇಷ್ಟ್ರು, ಅವರ ತಾಯಿ, ಹೆಂಡತಿ, ಎಣ್ಣೆಗಿರಣಿಯ ಆಫೀಸಿನಲ್ಲಿದ್ದ ಮಗ, ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು ನೀಲಾ. ಮನೆಯಲ್ಲಿ ಎರಡು ಅಭಿಪ್ರಾಯ ಬಂದರೆ ಓಟು. ಪ್ರತಿಯೊಬ್ಬರಿಗೂ ಒಂದು ಅವರೆಕಾಳು, ಒಂದು ಹುಣಸೆಬೀಜ. ಅವರೆ ಎಂದರೆ ಹೌದು, ಹುಣಸೆಬೀಜ ಎಂದರೆ ಬೇಡ. ಒಬ್ಬೊಬ್ಬರಾಗಿ ದೇವರ ಕೋಣೆಗೆ ಹೋಗಿ, ಬೇಕಾದ್ದನ್ನು ತಂಬಿಗೆಗೆ, ಉಳಿದದ್ದನ್ನು ಪಕ್ಕದ ಗಡಿಗೆಗೆ ಹಾಕಿ ಬರಬೇಕು. ಅಡುಗೆಮನೆಯ ಕೆಲಸ ಮುಗಿಯಬೇಕಾದ್ದರಿಂದ ಹೆಂಡತಿಯ ಸರದಿ ಯಾವಾಗಲೂ ಕೊನೆಗೆ. ಬರುವಾಗ ತಂಬಿಗೆಯನ್ನು ಆಕೆಯೇ ಎತ್ತಿಕೊಂಡು ಬಂದು ನಡುಮನೆಯಲ್ಲಿ ಮೊರದ ಮೇಲೆ ಸುರಿಯುತ್ತಿದ್ದರು. ಯಾರು ಏನು ಹಾಕಿದರೆಂದು ಕೇಳಬಾರದು, ಹೇಳಬಾರದು. ಹಾಕುವ ಮೊದಲು ಮನೆಯ ಯಜಮಾನ ತನ್ನ ಇಷ್ಟ ತೋರಿಸಬಾರದು, ಏಕೆಂದರೆ ಅವರು ಸಭಾಧ್ಯಕ್ಷರು. ಮನೆಯ ಸಂವಿಧಾನ ಇಷ್ಟೇ.

ನಾನು ಮೊದಲ ಸಲ ಊಟಕ್ಕೆ ಹೋದಾಗ ಮುದ್ದೆಯೋ ರೊಟ್ಟಿಯೋ ಎಂದು ಓಟು ನಡೆಯುತ್ತಿತ್ತು. ನಾನು ರೊಟ್ಟಿ ಎಂದೆ.

‘ಇಂಗ್ಲಿಷ್ ಸಾಹೇಬ್ರೆ, ಸುಮ್ನೆ ಕೂಡ್ರಿ. ಬಾಡಿಗೆದಾರ್ರು ವಿದೇಶಿ ಪ್ರಜೆ. ಓಟಿಲ್ಲ’ ಎಂದರು ಮೇಷ್ಟ್ರು.

ಅಜ್ಜಿಗೆ ಈ ಆಟ ಹಿಡಿಸುತ್ತಿರಲಿಲ್ಲ. ‘ಮಾರಾಜ್ರು ಇದ್ದಾಗ ಅವರೆಕಾಳು ಸಾರಿಗೆ ಬೀಳ್ತಿತ್ತು. ಈಗ ದೇವರ ಮನಿಗೆ ಬಿತ್ತು’ ಎಂದು ಗೊಣಗುತ್ತಲೇ ಹೋಗಿ ಹಾಕಿ ಬರುತ್ತಿದ್ದರು. ಆ ದಿನ ಮುದ್ದೆ ಗೆದ್ದಿತು.

ನೀಲಾಗೆ ಆಗ ಓಟಿರಲಿಲ್ಲ. ದೇಶದಲ್ಲಿ ಇಪ್ಪತ್ತೊಂದು ತುಂಬಬೇಕು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕು ಎಂದು ಮೇಷ್ಟ್ರು ತಿದ್ದುಪಡಿ ತಂದಿದ್ದರು. ಅದಕ್ಕೂ ಒಂದು ಓಟು ಆಗಿತ್ತಂತೆ. ಅವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಇಂಗ್ಲಿಷ್ ಪದ್ಯ ಗಟ್ಟಿಯಾಗಿ ಓದಿ, ಉಚ್ಚಾರ ತಿದ್ದಿಸಿಕೊಂಡು ಹೋಗುತ್ತಿದ್ದಳು. ಕಾಲೇಜಿಗೆ ಸೇರುವುದು, ಬಿ.ಎ. ಮಾಡುವುದು, ಅಪ್ಪನ ತರಗತಿಯಲ್ಲೇ ಮುಂದಿನ ಬೆಂಚಿನಲ್ಲಿ ಕೂತು ಅಪ್ಪನಿಗೇ ಪ್ರಶ್ನೆ ಕೇಳುವುದು. ಇದು ಅವಳ ಯೋಚನೆ. ‘ಮನ್ಯಾಗೆ ಉತ್ತರ ಹೇಳಲ್ಲ ಸರ್. ಅಲ್ಲಿ ಹೇಳಬೇಕಾಗತ್ತಲ್ಲ’ ಎಂದಿದ್ದಳು.

ಅವಳು ಪಾಸಾದ ಬೇಸಿಗೆಯಲ್ಲೇ ಮಲೆಬೆನ್ನೂರಿನಿಂದ ಸಂಬಂಧ ಬಂತು. ಭದ್ರಾ ನಾಲೆಯ ನೀರು ಬಂದು ಭತ್ತ ಬೆಳೆಯತೊಡಗಿದ ಮನೆ. ಹುಡುಗ ಒಳ್ಳೆಯವನು, ಆದರೆ ಕಾಯುವಂತಿಲ್ಲ, ಶ್ರಾವಣದೊಳಗೆ ಮದುವೆಯಾಗಬೇಕು. ಓದಿದ್ದು ಸಾಕು ಎಂದಿದ್ದರು ಗಂಡಿನ ಕಡೆಯವರು. ಅಜ್ಜಿಗೆ ಇಷ್ಟ. ಹೆಂಡತಿಗೆ ತುಂಬ ಇಷ್ಟ. ತಂಗಿಯ ಮದುವೆಯಾಗದೆ ತನ್ನದು ಆಗುವುದಿಲ್ಲವಾದ್ದರಿಂದ ಮಗನಿಗೂ ಇಷ್ಟ. ಮೇಷ್ಟ್ರು ಮಾತ್ರ ಏನೂ ಹೇಳಲಿಲ್ಲ. ನಾನು ಒಮ್ಮೆ ಕೇಳಿದೆ.

‘ನಾನು ಹೇಳಿದ್ರೆ ಅದು ಅಪ್ಪಣೆ ಆಗತ್ತೆ. ಮಕ್ಕಳ ವಿಷಯ ಬಂದ ತಕ್ಷಣ ಸಿಂಹಾಸನ ಹತ್ತಿ ಕೂತ್ರೆ, ಮುದ್ದೆ ರೊಟ್ಟಿಗೆ ಮಾತ್ರ ಪ್ರಜಾಪ್ರಭುತ್ವ ಏನ್ರಿ?’ ಎಂದರು.

ಹೀಗೆ ನೀಲಾಳ ಮೊದಲ ಓಟು ಅವಳ ಮದುವೆಯದೇ ಆಯಿತು.

ನಾನು ಹೊರಗಿನ ಕೋಣೆಯಲ್ಲಿದ್ದೆ, ಬಾಗಿಲು ತೆರೆದಿತ್ತು. ನಡುಹಗಲು, ಮಿಲ್ಲಿನ ಪಾಳಿ ಬದಲಾಗುವ ಕೂಗು ಆಗತಾನೆ ನಿಂತಿತ್ತು. ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ಕೊನೆಗೆ ಹೆಂಡತಿ ಹೋಗಿ ತಂಬಿಗೆ ತಂದು ಸುರಿದರು. ಮೊರದ ಮೇಲೆ ಬಿಳಿಯ ಅವರೆ ನಾಲ್ಕು, ಕರಿಯ ಹುಣಸೆಬೀಜ ಒಂದು. ಮೇಷ್ಟ್ರು ಅವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಮಗಳನ್ನು ನೋಡಿದರು. ನೀಲಾ ಅವರನ್ನೇ ನೋಡುತ್ತಿದ್ದಳು. ಅಪ್ಪ ಮಗಳು ಇಬ್ಬರ ಮುಖದಲ್ಲೂ ಒಂದೇ ಬಗೆಯ ಆಶ್ಚರ್ಯವಿತ್ತು ಎಂದು ನನಗೆ ನೆನಪು. ಆದರೆ ಇದನ್ನು ನಾನು ಅಂದು ಗಮನಿಸಿದೆನೇ ಅಥವಾ ಎಲ್ಲ ತಿಳಿದ ಮೇಲೆ ಆ ಮುಖಗಳಿಗೆ ಅಂಟಿಸಿದೆನೇ, ಗೊತ್ತಿಲ್ಲ.

‘ಮನೆ ತೀರ್ಮಾನ ಆಯ್ತು’ ಎಂದರು ಮೇಷ್ಟ್ರು.

‘ಆಯ್ತಪ್ಪ’ ಎಂದಳು ನೀಲಾ.

ಶ್ರಾವಣಕ್ಕೆ ಮುಂಚೆಯೇ ಮದುವೆಯಾಯಿತು. ಅದಾದ ಮೇಲೆ ಆ ಮನೆಯಲ್ಲಿ ಯಾವುದಕ್ಕೂ ಓಟು ನಡೆಯಲಿಲ್ಲ. ಯಾರೂ ನಿಲ್ಲಿಸಿ ಎನ್ನಲಿಲ್ಲ, ಅಷ್ಟಕ್ಕೆ ನಿಂತಿತು. ಮುದ್ದೆ ಮಾಡಿದರೆ ಮುದ್ದೆ, ರೊಟ್ಟಿ ತಟ್ಟಿದರೆ ರೊಟ್ಟಿ. ಮೇಷ್ಟ್ರು ಬಡಿಸಿದ್ದನ್ನು ಉಂಡು ಏಳುತ್ತಿದ್ದರು.

ನೀಲಾ ತವರಿಗೆ ಬರಲಿಲ್ಲ. ಅತ್ತೆ ಮನೆಯಲ್ಲಿ ಕಷ್ಟವಿತ್ತೆಂದು ನಾನು ಕೇಳಿಲ್ಲ, ಗಂಡ ಒಳ್ಳೆಯವನೇ. ಪಂಚಮಿಗೆ ಕರೆಯಲು ಹೋದರೆ ‘ನಾಟಿ ಐತೆ’, ದೀಪಾವಳಿಗೆ ಹೋದರೆ ‘ಕೊಯ್ಲು ಐತೆ’. ಹೆರಿಗೆಗೂ ಅಲ್ಲೇ ಉಳಿದಳು. ಮಲೆಬೆನ್ನೂರು ಏನು ದೂರ! ಆದರೂ ಮೊದಮೊದಲು ಅಲ್ಲಿಯವರೆಗೆ ಹೋಗುತ್ತಿದ್ದ ಮೇಷ್ಟ್ರು ಬರಬರುತ್ತ ಹರಿಹರದಲ್ಲೇ ಬಸ್ಸು ಇಳಿದು, ಹೊಳೆಯ ಮೆಟ್ಟಿಲ ಮೇಲೆ ಕೂತು, ಸಂಜೆಯ ಬಸ್ಸಿಗೆ ವಾಪಸು ಬರತೊಡಗಿದರು. ಮನೆಯಲ್ಲಿ ‘ನಾಟಿ ಅಂತೆ’ ಎನ್ನುತ್ತಿದ್ದರು.

ತರಗತಿಯಲ್ಲಿ ಗೆರೆ ಎಳೆಯುತ್ತಿದ್ದರು, ಬರೆಯುತ್ತಿದ್ದರು. ಪ್ರಶ್ನೆ ಕೇಳುವುದನ್ನು ಬಿಟ್ಟು ಪುಸ್ತಕದಲ್ಲಿದ್ದ ಗುಣದೋಷಗಳನ್ನು ಬರೆಸತೊಡಗಿದರು. ಗೋಡೆಯಾಚೆಯಿಂದ ನಗು ಬರುವುದು ನಿಂತಿತು. ಕೆಲವೊಮ್ಮೆ ಮಾತೇ ನಿಲ್ಲುತ್ತಿತ್ತು. ನನ್ನ ಹುಡುಗರು ಓದುವುದನ್ನು ನಿಲ್ಲಿಸಿ ಹಲಗೆಯ ಕಡೆ ನೋಡುತ್ತಿದ್ದರು. ಅಲ್ಲಿ ಒಬ್ಬ ಮನುಷ್ಯ ಬೋರ್ಡಿನ ಮುಂದೆ ಸುಮ್ಮನೆ ನಿಂತಿದ್ದಾನೆ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು.

ಒಂದು ಪಂಚಮಿಗೆ ನನ್ನನ್ನೂ ಜೊತೆಗೆ ಕರೆದರು. ಹರಿಹರ ಬಂದಾಗ ಎದ್ದು ನಿಂತು, ‘ಇಳೀರಿ’ ಎಂದರು. ಮಳೆಗಾಲದ ಹೊಳೆ, ಮೇಲಿನ ಮೆಟ್ಟಿಲಿನವರೆಗೆ ಕೆಂಪು ನೀರು. ಕೈಯಲ್ಲಿ ಮಗಳಿಗೆಂದು ಕಟ್ಟಿಸಿಕೊಂಡು ಬಂದಿದ್ದ ಶೇಂಗಾ ಉಂಡೆಯ ಗಂಟು. ಅದನ್ನು ಮೆಟ್ಟಿಲ ಮೇಲಿಟ್ಟು ಹೇಳಿದರು:

‘ಬ್ಯಾಡ ಅಂದಿದ್ದು ನಾನೊಬ್ನೇ ಕಣ್ರಿ. ಆ ಹುಣಸೆಬೀಜ ನಂದು.’

ನನಗೆ ತಕ್ಷಣ ಅರ್ಥವಾಗಲಿಲ್ಲ. ‘ಹಾಗಾದರೆ ನೀಲಾ?’ ಎಂದೆ.

‘ಅವಳು ಹೌದು ಅಂದ್ಲು. ನೀವೇ ನೋಡ್ರಿ. ಒಂದೇ ಬೀಜ ಇತ್ತು, ಅದು ನಂದು. ಅವಳೂ ಬ್ಯಾಡ ಅಂತಾಳೆ ಅಂದ್ಕೊಂಡಿದ್ದೆ. ಕಾಲೇಜು, ಬಿ.ಎ. ಅಂತ ಅಷ್ಟು ಕನಸು ಕಂಡಾಕಿ. ಮೊರದ ಮ್ಯಾಗೆ ನೋಡ್ತೀನಿ, ನಾಲ್ಕು ಬಿಳೀವು. ಅವಳೇ ಹೌದು ಅಂದ ಮ್ಯಾಲೆ ತಡೆಯಾಕೆ ನಾನ್ಯಾರು?’

‘ಒಂದು ಸಲ ಕೇಳಬಹುದಿತ್ತಲ್ಲ.’

‘ಹೆಂಗೆ ಕೇಳ್ಲಿ? ಗುಪ್ತ ಮತದಾನ. ನಾನೇ ಮಾಡಿದ ನಿಯಮ. ಗಂಡ ಕೇಳಿದ್ರೂ ಹೇಳಬ್ಯಾಡ, ಅಪ್ಪ ಕೇಳಿದ್ರೂ ಹೇಳಬ್ಯಾಡ ಅಂತ ನಾನೇ ಅವಳಿಗೆ ಕಲ್ಸಿದ್ದು. ಆದ್ರೆ ಇದೊಂದು ನನಗೆ ಬಗೆಹರೀವಲ್ದು. ಹೌದು ಅಂದಾಕಿ ಯಾಕ ಮನಿಗೆ ಬರಲ್ಲ?’

ಉಂಡೆಯ ಗಂಟನ್ನು ಬಸ್‌ ಸ್ಟ್ಯಾಂಡಿನಲ್ಲಿ ಯಾರಿಗೋ ಕೊಟ್ಟು ಬಂದೆವು.

ಅರವತ್ತರ ದಶಕದ ನಡುವಿನ ಒಂದು ಮಾಘದಲ್ಲಿ, ಕಾಲೇಜಿಗೆ ಹೊರಟವರು ಕೋಟಿನ ಒಂದು ತೋಳು ಹಾಕಿಕೊಂಡು ಹಾಗೇ ಕುಸಿದು ಕೂತರು. ವೈದ್ಯರು ಬರುವಷ್ಟರಲ್ಲಿ ಮುಗಿದಿತ್ತು. ನಾನು ಆ ಹೊತ್ತಿಗೆ ಮದುವೆಯಾಗಿ ಬೇರೆ ಬೀದಿಗೆ ಹೋಗಿದ್ದೆ. ನೀಲಾ ಬರುವಷ್ಟರಲ್ಲಿ ಮಣ್ಣು ಮಾಡಿದ್ದರು. ತವರಿನ ಹೊಸ್ತಿಲು ಅವಳು ದಾಟಿದ್ದು ಅಂದೇ, ಅಪ್ಪ ಇಲ್ಲದ ಮೇಲೆ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ನಾನು ಹೋಗಿದ್ದೆ. ಜಂಗಮರ ಊಟವಾಗಿ, ಬೀದಿಯವರೆಲ್ಲ ಉಂಡು ಎದ್ದು, ಮನೆ ಖಾಲಿಯಾಗತೊಡಗಿತ್ತು. ಅಜ್ಜಿ ಹಿಂದೆಯೇ ತೀರಿಕೊಂಡಿದ್ದರು. ಮಗ ಹೊರಗೆ ಪಾತ್ರೆ ಬಾಡಿಗೆಯವರೊಡನೆ ಮಾತಾಡುತ್ತಿದ್ದ. ನೀಲಾ ನನ್ನ ಹಳೆಯ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಮೊದಲು ಪದ್ಯ ಓದಲು ನಿಲ್ಲುತ್ತಿದ್ದ ಜಾಗ. ಕೈಯ ತುಂಬ ಹಸಿರು ಬಳೆ, ಮುಖ ಅಪ್ಪನದೇ.

‘ಸರ್, ಅಪ್ಪ ನಿಮ್ಮ ಹತ್ರ ನನ್ನ ಬಗ್ಗೆ ಏನಾದ್ರೂ ಹೇಳಿದ್ರೇನ್ರಿ?’

ನಾನು ಕುರ್ಚಿ ಮುಂದೆ ಸರಿಸಿದೆ, ಅವಳು ಕೂರಲಿಲ್ಲ.

‘ನನಗೆ ಸಿಟ್ಟಿತ್ತು ಸರ್’ ಎಂದಳು. ‘ಅವ್ವ, ಅಜ್ಜಿ, ಅಣ್ಣ ಏನು ಹಾಕ್ತಾರೆ ಅಂತ ನನಗೆ ಮೊದ್ಲೇ ಗೊತ್ತಿತ್ತು. ಅದು ಹೋಗ್ಲಿ. ಆದ್ರೆ ಅಪ್ಪನೂ? ಅಪ್ಪ ರಾಜ ಆಗಿದ್ರೆ ಕಾಲು ಹಿಡ್ಕೊಂಡು ಕೇಳ್ತಿದ್ದೆ. ಒಬ್ರದೇ ಕಾಲಲ್ವಾ? ನಾಲ್ಕು ಮಂದಿ ಕಾಲು ಹೆಂಗೆ ಹಿಡೀಲಿ ಅಂತ ಸುಮ್ನಾದೆ. ಅಷ್ಟು ಮಂದಿಯಾಗೆ ಬ್ಯಾಡ ಅಂದಾಕಿ ನಾನೊಬ್ಳೇ.’

‘ನೀನೊಬ್ಬಳೇ?’

‘ಹೂಂ. ಆ ಹುಣಸೆಬೀಜ ನಂದೇ ಅಲ್ವಾ?’

ನಾನು ಬಹಳ ಯೋಚಿಸಿ ಹೇಳಿದೆ ಎಂದು ಬರೆದುಕೊಳ್ಳಲು ಇಷ್ಟ. ಹಾಗಲ್ಲ, ಬಾಯಿಂದ ಬಂದುಬಿಟ್ಟಿತು.

‘ನಿನ್ನಪ್ಪ ಅದು ತಮ್ಮದು ಅಂದಿದ್ದರು. ಹರಿಹರದಲ್ಲಿ. ನೀನು ಹೌದು ಅಂದೆ ಅಂತಲೇ ತಿಳಿದಿದ್ದರು. ಹೌದು ಅಂದವಳು ಯಾಕೆ ಮನೆಗೆ ಬರುವುದಿಲ್ಲ ಅಂತ ನನ್ನನ್ನು ಕೇಳಿದ್ದರು.’

ಅವಳು ನನ್ನನ್ನು ನೋಡಿದಳು. ನಾನು ಸುಳ್ಳು ಹೇಳುತ್ತಿದ್ದೇನೆಯೇ ಎಂದು ನೋಡಿದಳು. ಅಪ್ಪ ಸುಳ್ಳು ಹೇಳಿದರೇ ಎಂದು ನೋಡಿದಳು. ಆಮೇಲೆ ಬಾಗಿಲ ಚೌಕಟ್ಟಿಗೆ ಒರಗಿ, ತನಗೆ ತಾನೇ ಹೇಳಿಕೊಂಡಳು:

‘ಅಪ್ಪಂದೊಂದು, ನಂದೊಂದು. ಹಂಗಾದ್ರೆ ಎರಡು ಇರಬೇಕಿತ್ತಲ್ರಿ.’

ತಂಬಿಗೆಯನ್ನು ಹೊರಗೆ ತಂದವರು ಯಾರು, ದೇವರ ಕೋಣೆಗೆ ಕೊನೆಗೆ ಹೋದವರು ಯಾರು ಎಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು. ಅವಳು ತಿರುಗಿ ಒಳಗೆ ನಡೆದಳು. ನಾನು ಹಿಂದೆ ಹೋಗಬಾರದಿತ್ತು, ನಡುಮನೆಯವರೆಗೆ ಹೋದೆ.

ತಾಯಿ ಅಡುಗೆಮನೆಯ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದರು. ಹಣೆ ಬರಿದಾಗಿತ್ತು. ನೀಲಾ ಅವರ ಎದುರು ಕೂತಳು. ದನಿ ಏರಿಸಲಿಲ್ಲ.

‘ಅವ್ವ, ಅವತ್ತು ಎರಡು ಬೀಜ ಇದ್ವೇನು?’

ಆ ತಾಯಿ ಯಾವತ್ತು ಎಂದು ಕೇಳಲಿಲ್ಲ. ಯಾವ ಬೀಜ ಎಂದೂ ಕೇಳಲಿಲ್ಲ. ಇಷ್ಟು ವರ್ಷ ಈ ಪ್ರಶ್ನೆಯ ಎದುರೇ ಕೂತಿದ್ದವರಂತೆ ಉತ್ತರ ಕೊಟ್ಟರು.

‘ಇದ್ವು. ಒಂದು ತೆಗೆದು ಗಡಿಗಿಗೆ ಹಾಕಿದೆ, ಅಲ್ಲಿಂದ ಒಂದು ಅವರೆ ತಂಬಿಗಿಗೆ ಹಾಕಿದೆ.’

‘ಯಾಕವ್ವ? ಮೂರಕ್ಕೆ ಎರಡಾದ್ರೂ ನೀವೇ ಗೆದ್ದಿರ್ತಿದ್ರಿ.’

‘ಗೆದ್ದು ಏನು ಮಾಡ್ಲಿ? ಎರಡು ಕಂಡಿದ್ರೆ ಒಂದು ನಿಂದು ಅಂತ ಅವರಿಗೆ ಗೊತ್ತಾಗ್ತಿತ್ತು. ಗೊತ್ತಾದ ಮ್ಯಾಲೆ ನಿಮ್ಮಪ್ಪ ಯಾವ ಕಾಳೂ ಎಣಿಸ್ತಿರ್ಲಿಲ್ಲ. ತಡೀತಿದ್ರು.’ ಸೆರಗಿನಿಂದ ಮುಖ ಒರೆಸಿಕೊಂಡರು. ‘ಒಳ್ಳೇ ಮನಿ, ನೀರಾವರಿ ಮನಿ. ಕೈ ತಪ್ಪಿ ಹೋಗಬಾರ್ದು ಅಂತ ಮಾಡ್ದೆ. ಅವರು ಹಂಗೆ ಸುಮ್ನಾಗಿಬಿಡ್ತಾರೆ ಅಂತ ನನಗೇನು ಗೊತ್ತಿತ್ತು?’

ನೀಲಾ ಅಳುತ್ತಾಳೆ, ಕೂಗುತ್ತಾಳೆ ಎಂದು ನಾನು ಕಾದೆ. ಅವಳು ಇನ್ನಷ್ಟು ಮುಂದಕ್ಕೆ ಸರಿದು ತಾಯಿಯ ಮೊಣಕಾಲು ಹಿಡಿದುಕೊಂಡಳು.

‘ತಡೀತಿದ್ರೇನವ್ವ?’

‘ತಡೀತಿದ್ರು.’

‘ಖರೇನೂ ತಡೀತಿದ್ರಾ?’

ನಾನು ಚಪ್ಪಲಿ ಮೆಟ್ಟಿ ಬೀದಿಗೆ ಇಳಿದೆ. ಒಳಗೆ ಅವಳು ಅದನ್ನೇ ಮತ್ತೆ ಕೇಳುತ್ತಿದ್ದಳು.